ರೈಲನ್ನು ನಿಲ್ಲಿಸುವವರು ಯಾರು?

ರೈಲುಗಾಡಿಯನ್ನು ಓಡಿಸುವುದು ಕಷ್ಟವೋ ನಿಲ್ಲಿಸುವುದು ಕಷ್ಟವೋ ಎಂದು ಕೇಳಿದರೆ, ಓಡಿಸುವುದೇ ಕಷ್ಟವೆನ್ನುವವರು ಹೆಚ್ಚು. ಸಾವಿರ ಟನ್ನು ತೂಗುವ ಗಾಡಿಯನ್ನು ಎಳೆದೊಯ್ಯುವ ಎಂಜಿನ್ನಿನ ಗಾತ್ರವನ್ನೂ ಆರ್ಭಟವನ್ನೂ ಕಂಡವರಿಗೆ ಹಾಗೆ ತೋರುವುದು ಸಹಜವೇ. ಆದರೆ ರೈಲ್ವೆಯ ಚರಿತ್ರೆಯನ್ನು ಬಲ್ಲವರು ಬೇರೆ ಉತ್ತರವನ್ನು ಕೊಡುವರು. ಗಾಡಿಯನ್ನು ಓಡಿಸುವ ಸಮಸ್ಯೆಯನ್ನು ಮನುಷ್ಯನು ಎರಡು ಶತಮಾನಗಳ ಹಿಂದೆಯೇ ಬಿಡಿಸಿದನು. ಓಡುತ್ತಿರುವ ಗಾಡಿಯನ್ನು ನಿಲ್ಲಬೇಕಾದ ಜಾಗದಲ್ಲಿ ತಪ್ಪದೆ ನಿಲ್ಲಿಸುವ ಸಮಸ್ಯೆ ಇಂದಿಗೂ ಪೂರ್ತಿಯಾಗಿ ಬಿಡಿಸಲ್ಪಟ್ಟಿಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ದೇಶದ ರೈಲ್ವೆಯಲ್ಲಿ ಹೊಸ ಗಾಡಿಗಳು, ಹೊಸ ಸಿಗ್ನಲುಗಳು, 'ಕವಚ'ವೆಂಬ ಸ್ವಯಂಚಾಲಿತ ರಕ್ಷಣಾ ಏರ್ಪಾಡು ಇವೆಲ್ಲ ಬರುತ್ತಿವೆ. ಜೊತೆಜೊತೆಗೆ ಸಾವಿರಾರು ಹುದ್ದೆಗಳು ಖಾಲಿ ಬಿದ್ದಿವೆಯೆಂಬ ಮಾತೂ, ಎಂಜಿನ್ ಚಾಲಕರಿಗೆ ಸಾಕಷ್ಟು ವಿಶ್ರಾಂತಿಯಿಲ್ಲವೆಂಬ ದೂರೂ ಕೇಳಿಬರುತ್ತಿವೆ. ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುವಾಗ ಇಷ್ಟು ಜನ ಏಕೆ ಬೇಕು ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಯಂತ್ರವು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕೆ ಬೇಕಾದ ಭೌತಶಾಸ್ತ್ರ ಹೈಸ್ಕೂಲಿನ ಪಾಠವನ್ನು ಮೀರಿದ್ದಲ್ಲ.

ಉಕ್ಕಿನ ಮೇಲೆ ಉಕ್ಕು

ರೈಲಿನ ಗುಣವೂ ದೋಷವೂ ಒಂದೇ ಕಡೆ ಇವೆ: ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುತ್ತದೆ. ಹೀಗೆ ಉರುಳುವಾಗ ಉಂಟಾಗುವ ಪ್ರತಿರೋಧ ಬಹಳ ಕಡಿಮೆ. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ನಿನ ಭಾರವನ್ನು ಮೆಲ್ಲಗೆ ಸರಿಸಲು ಒಂದೆರಡು ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಸಾಕು. ಆದ್ದರಿಂದಲೇ ಒಂದು ಎಂಜಿನ್ನು ಇಪ್ಪತ್ತು ಬೋಗಿಗಳನ್ನು ಎಳೆಯಬಲ್ಲುದು. ಆದರೆ ಹಿಡಿತ ಕಡಿಮೆಯಾದ ಈ ಜಾರುಹಾದಿಯಲ್ಲಿ ಬ್ರೇಕು ಹಾಕಿದರೆ ಗಾಡಿ ಥಟ್ಟನೆ ನಿಲ್ಲಲಾರದು. ಹೆಚ್ಚು ಒತ್ತಿದರೆ ಗಾಲಿಗಳು ತಿರುಗುವುದನ್ನು ಬಿಟ್ಟು ಹಳಿಯ ಮೇಲೆ ಜಾರತೊಡಗುವುವು.

ಗಂಟೆಗೆ ೧೧೦ ಕಿಲೋಮೀಟರು ವೇಗದ ಒಂದು ಎಕ್ಸ್‌ಪ್ರೆಸ್ ಗಾಡಿಯನ್ನು ತೆಗೆದುಕೊಳ್ಳೋಣ. ಇದು ಸೆಕೆಂಡಿಗೆ ಮೂವತ್ತು ಮೀಟರಿಗೂ ಸ್ವಲ್ಪ ಹೆಚ್ಚು. ಬ್ರೇಕು ಬಿದ್ದಾಗ ಅದರ ವೇಗ ಪ್ರತಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಇಳಿಯುವುದೆಂದು ಇಟ್ಟುಕೊಂಡರೆ, ಗಾಡಿ ನಿಲ್ಲಲು ಸುಮಾರು ಒಂದು ನಿಮಿಷ ಬೇಕು. ಆ ಒಂದು ನಿಮಿಷದಲ್ಲಿ ಅದು ೯೩೦ ಮೀಟರು ಮುಂದೆ ಹೋಗಿರುವುದು. ವೇಗ ೧೩೦ ಕಿಲೋಮೀಟರು ಆದರೆ ಈ ದೂರ ೧,೩೦೦ ಮೀಟರು. ೧೬೦ ಆದರೆ ಹೆಚ್ಚುಕಡಿಮೆ ಎರಡು ಕಿಲೋಮೀಟರು. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿಯಾಗುವುದೆಂಬ ನಿಯಮವನ್ನು ವಾಚಕರು ಇಲ್ಲಿ ಗುರುತಿಸಬಹುದು.

ಶಕ್ತಿಯ ಲೆಕ್ಕವನ್ನು ನೋಡಿದರೆ ಇದರ ಗಹನತೆ ಇನ್ನಷ್ಟು ಮನದಟ್ಟಾಗುವುದು. ಸಾವಿರ ಟನ್ನಿನ ಗಾಡಿ ೧೧೦ ಕಿಲೋಮೀಟರು ವೇಗದಲ್ಲಿ ಓಡುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ ವಿದ್ಯುತ್ತಿನ ಮಾಪನದಲ್ಲಿ ೧೩೦ ಯೂನಿಟ್ಟಿಗೆ ಸಮ. ವಿಜಯನಗರದ ಒಂದು ಸಾಮಾನ್ಯ ಸಂಸಾರ ದೀಪ, ಫ್ಯಾನು, ಮಿಕ್ಸಿಗಳಿಗೆ ತಿಂಗಳೆಲ್ಲ ಬಳಸುವಷ್ಟು ಶಕ್ತಿಯನ್ನು ಬ್ರೇಕುಗಳು ಒಂದೇ ನಿಮಿಷದಲ್ಲಿ ಅರಗಿಸಿಕೊಳ್ಳಬೇಕು.

ಈಗ ಚಾಲಕನ ಕಣ್ಣಿನ ವಿಷಯ. ಹಳಿ ನೇರವಾಗಿದ್ದು ಹಗಲು ತಿಳಿಯಾಗಿದ್ದರೆ ದೂರದ ದೀಪ ಅವನಿಗೆ ಕಂಡೀತು. ತಿರುವು, ಮಳೆ, ಮಂಜು, ಮರದ ಕೊಂಬೆ ಇವುಗಳಲ್ಲಿ ಯಾವುದೇ ಒಂದು ಅಡ್ಡಬಂದರೂ ಅವನ ನೋಟ ಕೆಲವು ನೂರು ಮೀಟರುಗಳಿಗೆ ಕುಗ್ಗುವುದು. ಅಂದರೆ, ಅಡಚಣೆಯನ್ನು ಕಂಡ ಮೇಲೆ ಬ್ರೇಕು ಹಾಕಿದರೆ ಪ್ರಯೋಜನವಿಲ್ಲ. ಎತ್ತಿನ ಗಾಡಿಯವನಿಗೂ ಮೋಟಾರು ಚಾಲಕನಿಗೂ ಕಣ್ಣು ಸಾಕು. ರೈಲು ಚಾಲಕನಿಗೆ ಮಾತ್ರ ಕಣ್ಣಿಗೆ ಕಾಣುವ ಮೊದಲೇ ಸುದ್ದಿ ಬರಬೇಕು. ರೈಲ್ವೆಯ ಸಿಗ್ನಲುಗಳೆಲ್ಲ ಹುಟ್ಟಿದ್ದು ಈ ಒಂದು ಅಗತ್ಯದಿಂದ. ವೇಗದ ಮಾರ್ಗಗಳಲ್ಲಿ ನಿಲ್ದಾಣದ ಹೊಸ್ತಿಲಿನ ಸಿಗ್ನಲಿಗಿಂತ ಒಂದು ಕಿಲೋಮೀಟರು ಹಿಂದೆ ಒಂದು, ಎರಡು ಕಿಲೋಮೀಟರು ಹಿಂದೆ ಇನ್ನೊಂದು ಎಚ್ಚರಿಕೆಯ ಸಿಗ್ನಲನ್ನು ನೆಡುವುದು ಮೇಲಿನ ಲೆಕ್ಕದ ಫಲವೇ.

ಚೆಂಡಿನಿಂದ ವಿದ್ಯುತ್ತಿಗೆ

ಬೆಂಗಳೂರಿನಿಂದ ನಾಯಂಡಹಳ್ಳಿ, ಕೆಂಗೇರಿ, ಬಿಡದಿಗಳ ಮೂಲಕ ಮೈಸೂರಿಗೆ ಹೋಗುವ ಮಾರ್ಗ ಪೂರ್ಣಗೊಂಡದ್ದು ೧೮೮೨ರಲ್ಲಿ. ಅಂದು ಅದು ಮೀಟರ್ ಗೇಜಿನ ಒಂಟಿ ಹಳಿ. ಒಂಟಿ ಹಳಿಯಲ್ಲಿ ಎದುರುಬದುರಾಗಿ ಎರಡು ಗಾಡಿಗಳು ಬರದಂತೆ ನೋಡಿಕೊಳ್ಳಬೇಕು. ಇಂಥ ಮಾರ್ಗಗಳಿಗಾಗಿ ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಉಪಾಯ ಬಲು ಸೊಗಸಾದದ್ದು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಪೆಟ್ಟಿಗೆ. ಎರಡಕ್ಕೂ ತಂತಿಯ ಸಂಬಂಧ. ಒಳಗೆ ಉಕ್ಕಿನ ಚೆಂಡುಗಳು. ಒಂದು ಪೆಟ್ಟಿಗೆಯಿಂದ ಒಂದು ಚೆಂಡು ಹೊರಬಂದರೆ, ಅದನ್ನು ಮತ್ತೆ ಯಾವುದಾದರೊಂದು ಪೆಟ್ಟಿಗೆಯೊಳಕ್ಕೆ ಹಾಕುವವರೆಗೂ ಎರಡರಿಂದಲೂ ಇನ್ನೊಂದು ಚೆಂಡು ಬಾರದು. ಚೆಂಡು ಕೈಯಲ್ಲಿದ್ದ ಚಾಲಕನಿಗೆ ಮಾತ್ರ ಹಳಿಯ ಮೇಲೆ ಹಕ್ಕು. ಬಳೆಯಾಕಾರದ ಹಿಡಿಗೆ ಕಟ್ಟಿದ ಚೀಲದಲ್ಲಿ ಆ ಚೆಂಡನ್ನು ಓಡುವ ಗಾಡಿಯ ಚಾಲಕನಿಗೆ ದಾಟಿಸುತ್ತಿದ್ದುದನ್ನು ಹಿರಿಯ ಓದುಗರು ಕಂಡಿರಬಹುದು.

ಇದಕ್ಕೆ ಸೋದರನಂತಿರುವುದು 'ಇಂಟರ್‌ಲಾಕಿಂಗ್' ಎಂಬ ಪರಸ್ಪರ ಬಂಧನ. ಹಳಿ ಕವಲೊಡೆಯುವ ಜಾಗದ ಪಾಯಿಂಟುಗಳು ಸರಿಯಾಗಿ ಕೂತು ಬಿಗಿಯಾಗುವವರೆಗೂ ಕೈಮರ ಕೆಳಗಿಳಿಯಲಾರದು. ಕೈಮರ ಇಳಿದಮೇಲೆ ಪಾಯಿಂಟುಗಳನ್ನು ಯಾರೂ ಕದಲಿಸಲಾರರು. ಮೊದಲು ಕಬ್ಬಿಣದ ಸರಳುಗಳಿಂದ, ಆಮೇಲೆ ವಿದ್ಯುತ್ ರಿಲೇಗಳಿಂದ, ಈಗ ಗಣಕಯಂತ್ರಗಳಿಂದ ನಡೆಯುವ ಈ ಕೆಲಸದ ತರ್ಕ ಒಂದೇ. ಆದ್ದರಿಂದ ಸ್ವಯಂಚಾಲನೆ ರೈಲ್ವೆಗೆ ಹೊಸದಾಗಿ ಬಂದ ಅತಿಥಿಯೆಂದು ಭಾವಿಸುವುದು ಸರಿಯಲ್ಲ. ಸ್ಟೇಷನ್ ಮಾಸ್ಟರನ ಮರೆವಿಗೆ ಯಂತ್ರದ ಕಾವಲನ್ನು ಹಾಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿಯೇ.

ಮೈಸೂರಿನ ಮಾರ್ಗ ಮುಂದೆ ಬ್ರಾಡ್ ಗೇಜಾಯಿತು, ಜೋಡಿ ಹಳಿಯಾಯಿತು, ವಿದ್ಯುತ್ತಿನ ಎಂಜಿನ್ನುಗಳು ಬಂದವು. ಜೋಡಿ ಹಳಿಗೆ ದಾರಿ ಬಿಡಲು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ೨೦೧೭ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಲಾಯಿತು. ೨೦೨೨ರ ನವೆಂಬರ್ ೧೧ರಂದು ದಕ್ಷಿಣ ಭಾರತದ ಮೊದಲ ವಂದೇ ಭಾರತ್ ಗಾಡಿ ಚೆನ್ನೈ–ಬೆಂಗಳೂರು–ಮೈಸೂರು ನಡುವೆ ಇದೇ ಹಳಿಯ ಮೇಲೆ ಆರಂಭವಾಯಿತು. ಈ ಗಾಡಿಗೆ ಪ್ರತ್ಯೇಕ ಎಂಜಿನ್ನಿಲ್ಲ. ಮೋಟಾರುಗಳು ಬೋಗಿಗಳ ಅಡಿಯಲ್ಲಿಯೇ ಹಂಚಿಹೋಗಿದ್ದು, ಸುಮಾರು ಅರ್ಧದಷ್ಟು ಅಚ್ಚುಗಳು ತಾವೇ ಗಾಡಿಯನ್ನು ಎಳೆಯುವುವು. ಆದ್ದರಿಂದ ವೇಗ ಬೇಗ ಏರುವುದು. ನಿಲ್ಲುವಾಗ ಅವೇ ಮೋಟಾರುಗಳು ಡೈನಮೋಗಳಾಗಿ ತಿರುಗಿ ಚಲನಶಕ್ತಿಯ ಒಂದು ಪಾಲನ್ನು ವಿದ್ಯುತ್ತಾಗಿ ತಂತಿಗೆ ಹಿಂತಿರುಗಿಸುವುವು. ಇದು ನಿಸ್ಸಂಶಯವಾಗಿ ಪ್ರಗತಿ. ಆದರೆ ಗಾಡಿಯು ಹೊಸದಾದ ಮಾತ್ರಕ್ಕೆ ಕೆಂಪು ದೀಪಕ್ಕೂ ಬ್ರೇಕಿಗೂ ನಡುವೆ ಇರುವ ಕೊಂಡಿ ಬದಲಾಗಲಿಲ್ಲ. ಆ ಕೊಂಡಿ ಮನುಷ್ಯ.

ಪೆನುಕೊಂಡದ ರಾತ್ರಿ

೨೦೧೨ರ ಮೇ ೨೨ರ ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಆಂಧ್ರದ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಸರಕು ಗಾಡಿಗೆ ಹಿಂದಿನಿಂದ ಅಪ್ಪಳಿಸಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಗಾಡಿ 'ನಿಲ್ಲು' ಎಂಬ ಸಿಗ್ನಲನ್ನು ದಾಟಿ ಬಂದಿತ್ತು. ಆ ಗಾಡಿಯಲ್ಲಿದ್ದವರು ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿಗಳ ಕಡೆಯಿಂದ ಕೂಲಿಗೋ ವ್ಯಾಪಾರಕ್ಕೋ ಬೆಂಗಳೂರಿಗೆ ಬರುವ ಸಾಮಾನ್ಯ ಜನ.

ಇಂಥ ಸಂದರ್ಭಗಳಲ್ಲಿ 'ಚಾಲಕನ ತಪ್ಪು' ಎಂದು ಬರೆದು ಕಡತವನ್ನು ಮುಚ್ಚುವುದು ಸುಲಭ. ಆದರೆ ವಿಜ್ಞಾನದ ವಿದ್ಯಾರ್ಥಿ ಅಲ್ಲಿಗೆ ನಿಲ್ಲಬಾರದು. ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಅವಧಿಯಲ್ಲಿ ಮನುಷ್ಯ ಶರೀರದ ಎಚ್ಚರ ತನ್ನ ಅತ್ಯಂತ ಕೆಳಮಟ್ಟದಲ್ಲಿರುವುದೆಂದು ಶರೀರಶಾಸ್ತ್ರ ತಿಳಿಸುತ್ತದೆ. ಇದು ಸೋಮಾರಿತನವಲ್ಲ, ಹಸಿವಿನಂತೆ, ಬಾಯಾರಿಕೆಯಂತೆ ದೇಹದ ಒಂದು ಧರ್ಮ. ಬ್ರಿಟನ್ನಿನ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ೧೯೪೮ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದನು. ಗಡಿಯಾರದಂತೆ ಹೆಜ್ಜೆಹೆಜ್ಜೆಯಾಗಿ ಚಲಿಸುವ ಒಂದು ಮುಳ್ಳು ಎಂದಾದರೊಮ್ಮೆ ಎರಡು ಹೆಜ್ಜೆ ಜಿಗಿಯುವುದು, ಜಿಗಿದಾಗ ಗುಂಡಿಯೊತ್ತಬೇಕು. ಆರೋಗ್ಯವಂತರಾದ, ನಿದ್ರೆ ಸರಿಯಾಗಿದ್ದ ಯುವಕರೂ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜಿಗಿತಗಳನ್ನು ತಪ್ಪಿಸತೊಡಗಿದರು. ಏನೂ ನಡೆಯದಿರುವಾಗ ಏನೋ ನಡೆದೀತೆಂದು ಕಾದು ನೋಡುವ ಕೆಲಸ ಮನುಷ್ಯನಿಗೆ ಒಗ್ಗದ್ದು. ರೈಲು ಚಾಲಕನ ಕೆಲಸದ ಬಹುಭಾಗ ಅದೇ.

ಇದನ್ನು ಅರಿತೇ ರೈಲ್ವೆಯವರು ಕೆಲವು ಏರ್ಪಾಡುಗಳನ್ನು ಮಾಡಿರುವರು. ಚಾಲಕನೂ ಸಹಾಯಕ ಚಾಲಕನೂ ಪ್ರತಿಯೊಂದು ಸಿಗ್ನಲಿನ ಬಣ್ಣವನ್ನು ಕೈಯೆತ್ತಿ ಗಟ್ಟಿಯಾಗಿ ಕೂಗಿ ಹೇಳಬೇಕು. ಬಾಯಿಯೂ ಕೈಯೂ ಆಡಿದರೆ ಮನಸ್ಸು ಎಚ್ಚರವಾಗಿರುವುದೆಂಬುದು ಇದರ ಹಿಂದಿನ ತಿಳಿವಳಿಕೆ. ಎಂಜಿನ್ನುಗಳಲ್ಲಿ ಎಚ್ಚರಗಾವಲಿನ ಉಪಕರಣವೊಂದಿದೆ. ಚಾಲಕನು ೬೦ ಸೆಕೆಂಡುಗಳ ಕಾಲ ಯಾವ ಹಿಡಿಯನ್ನೂ ಗುಂಡಿಯನ್ನೂ ಮುಟ್ಟದಿದ್ದರೆ ಒಂದು ದೀಪ ಮಿನುಗುವುದು. ಇನ್ನೂ ೮ ಸೆಕೆಂಡು ಕಾದು ಗಂಟೆ ಬಾರಿಸುವುದು. ಮತ್ತೆ ೮ ಸೆಕೆಂಡು ಕಾದು ತಾನೇ ಬ್ರೇಕು ಹಾಕುವುದು.

ಇಲ್ಲಿ ಪುನಃ ನಮ್ಮ ಲೆಕ್ಕವನ್ನು ಹಿಡಿಯೋಣ. ೬೦, ೮ ಮತ್ತು ೮ ಕೂಡಿದರೆ ೭೬ ಸೆಕೆಂಡು. ೧೧೦ ಕಿಲೋಮೀಟರು ವೇಗದ ಗಾಡಿ ಇಷ್ಟರಲ್ಲಿ ೨,೩೦೦ ಮೀಟರಿಗೂ ಮುಂದೆ ಹೋಗಿರುತ್ತದೆ. ಆಮೇಲೆ ಬ್ರೇಕು ಬಿದ್ದು ನಿಲ್ಲಲು ಇನ್ನೂ ೯೩೦ ಮೀಟರು. ಒಟ್ಟು ಮೂರು ಕಿಲೋಮೀಟರಿಗೂ ಹೆಚ್ಚು! ಎಚ್ಚರಿಕೆಯ ಮೊದಲ ದೀಪ ಇರುವುದೇ ಎರಡು ಕಿಲೋಮೀಟರು ದೂರದಲ್ಲಿ. ಗುಂಡಿಯನ್ನೊತ್ತಿದ ಮರುಕ್ಷಣವೇ ತೂಕಡಿಸಿದ ಚಾಲಕನನ್ನು ಈ ಉಪಕರಣ ಎಬ್ಬಿಸುವಷ್ಟರಲ್ಲಿ ಎರಡೂ ಎಚ್ಚರಿಕೆಗಳನ್ನು ಗಾಡಿ ದಾಟಿ ಹೋಗಿರಬಹುದು. ಇದಲ್ಲದೆ, ಅಭ್ಯಾಸಬಲದಿಂದ ಅರೆನಿದ್ರೆಯಲ್ಲಿಯೂ ಗುಂಡಿಯೊತ್ತುವುದು ಅಸಾಧ್ಯವೇನಲ್ಲ. ಚಾಲಕನು ಬದುಕಿದ್ದಾನೆಂಬುದನ್ನು ಈ ಉಪಕರಣ ತಿಳಿಯಬಲ್ಲುದು. ಅವನು ಕೆಂಪು ದೀಪವನ್ನು ಕಂಡನೇ ಎಂಬುದನ್ನು ತಿಳಿಯಲಾರದು.

ಕವಚದ ಕೆಲಸ

ಈ ಕೊರತೆಯನ್ನು ತುಂಬಲು ಬಂದದ್ದು 'ಕವಚ'. ರೈಲ್ವೆಯ ಲಖನೌದ ಸಂಶೋಧನಾ ಸಂಸ್ಥೆಯು ಭಾರತೀಯ ಕಾರ್ಖಾನೆಗಳೊಡನೆ ಸೇರಿ ಇದನ್ನು ರೂಪಿಸಿತು. ೨೦೧೬ರ ಫೆಬ್ರವರಿಯಲ್ಲಿ ಪ್ರಯಾಣಿಕರ ಗಾಡಿಗಳ ಮೇಲೆ ಇದರ ಪರೀಕ್ಷೆ ಆರಂಭವಾಯಿತು. ಮೊದಲ ಪ್ರಯೋಗದ ಮಾರ್ಗಗಳಲ್ಲಿ ಎರಡರ ತುದಿಗಳು ನಮ್ಮ ನಾಡಿನಲ್ಲಿಯೇ ಇವೆಯೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ: ವಿಕಾರಾಬಾದಿನಿಂದ ಒಂದು ಮಾರ್ಗ ವಾಡಿಗೂ ಇನ್ನೊಂದು ಬೀದರಿಗೂ ಬರುತ್ತದೆ. ೨೦೨೦ರ ಜುಲೈಯಲ್ಲಿ ಇದು ರಾಷ್ಟ್ರದ ಅಂಗೀಕೃತ ಏರ್ಪಾಡಾಯಿತು.

ಇದು ಕೆಲಸ ಮಾಡುವ ಬಗೆ ಹೀಗೆ. ಹಳಿಯ ನಡುವೆ ಸ್ಲೀಪರುಗಳ ಮೇಲೆ ಸುಮಾರು ಕಿಲೋಮೀಟರಿಗೊಂದರಂತೆಯೂ ಸಿಗ್ನಲುಗಳ ಬಳಿಯೂ ಸಣ್ಣ ಗುರುತುಪಟ್ಟಿಗಳನ್ನು ಕೂರಿಸಿರುವರು. ಎಂಜಿನ್ನಿನ ಅಡಿಯಲ್ಲಿರುವ ಓದುಗ ಯಂತ್ರವು ರೇಡಿಯೋ ಅಲೆಗಳಿಂದ ಅವುಗಳನ್ನು ಓದಿ, ತಾನು ಎಲ್ಲಿದ್ದೇನೆಂಬುದನ್ನು ತಿಳಿಯುವುದು. ಮೈಲಿಗಲ್ಲನ್ನು ನೋಡಿ ದಾರಿಗನು ತನ್ನ ಜಾಗವನ್ನು ತಿಳಿಯುವ ಹಾಗೆ. ನಿಲ್ದಾಣದಲ್ಲಿರುವ ಯಂತ್ರವು ಇಂಟರ್‌ಲಾಕಿಂಗಿನಿಂದ ಸಿಗ್ನಲಿನ ಸ್ಥಿತಿಯನ್ನು ಅರಿತು ರೇಡಿಯೋ ಮೂಲಕ ಎಂಜಿನ್ನಿಗೆ ತಿಳಿಸುವುದು. ಎಂಜಿನ್ನಿನೊಳಗಿನ ಗಣಕವು ಮೇಲೆ ನಾವು ಮಾಡಿದ ಲೆಕ್ಕವನ್ನೇ ಎಡೆಬಿಡದೆ ಮಾಡುತ್ತಿರುವುದು: ಈಗಿನ ವೇಗವೆಷ್ಟು, ಮುಂದಿನ ಕೆಂಪು ದೀಪ ಎಷ್ಟು ದೂರ, ಇಷ್ಟರಲ್ಲಿ ನಿಲ್ಲಬಹುದೇ? ಚಾಲಕನು ಹೊತ್ತಿಗೆ ಸರಿಯಾಗಿ ಬ್ರೇಕು ಹಾಕಿದರೆ ಅದು ಸುಮ್ಮನಿರುವುದು. ಹಾಕದಿದ್ದರೆ ಮೊದಲು ಎಚ್ಚರಿಸುವುದು, ಆಮೇಲೆ ತಾನೇ ಹಾಕುವುದು. ಲೆವೆಲ್ ಕ್ರಾಸಿಂಗು ಬಂದರೆ ತಾನೇ ಸೀಟಿ ಹಾಕುವುದು.

೨೦೨೨ರ ಮಾರ್ಚಿ ೪ರಂದು ಗುಲ್ಲಗೂಡ–ಚಿಟ್ಗಿದ್ದ ನಿಲ್ದಾಣಗಳ ನಡುವೆ ರೈಲ್ವೆ ಮಂತ್ರಿಗಳು ಒಂದು ಗಾಡಿಯಲ್ಲಿಯೂ ರೈಲ್ವೆ ಮಂಡಳಿಯ ಅಧ್ಯಕ್ಷರು ಇನ್ನೊಂದರಲ್ಲಿಯೂ ಕುಳಿತು, ಒಂದೇ ಹಳಿಯ ಮೇಲೆ ಎದುರೆದುರಾಗಿ ಬರುವ ಪರೀಕ್ಷೆಯನ್ನು ನಡೆಸಿದರು. ೩೮೦ ಮೀಟರು ಉಳಿದಿರುವಂತೆಯೇ ಗಾಡಿ ತಾನಾಗಿ ನಿಂತಿತು.

ಈ ಯಂತ್ರಕ್ಕೆ ಕೊಟ್ಟಿರುವ ಸುರಕ್ಷತೆಯ ದರ್ಜೆ ನಾಲ್ಕನೆಯದು, ಅಂದರೆ ಅತ್ಯುಚ್ಚವಾದದ್ದು. ಅಪಾಯಕರವಾದ ದೋಷ ಹತ್ತು ಕೋಟಿ ಗಂಟೆಗಳಿಗೆ ಒಂದಕ್ಕಿಂತ ಹೆಚ್ಚು ಬಾರಿ ಬರಬಾರದೆಂಬುದು ಇದರ ಅರ್ಥ. ಹತ್ತು ಕೋಟಿ ಗಂಟೆಗಳೆಂದರೆ ಹನ್ನೊಂದು ಸಾವಿರ ವರ್ಷಗಳಿಗೂ ಮೇಲೆ. ಯಾವ ಮನುಷ್ಯನೂ ಇಂಥ ಭರವಸೆಯನ್ನು ಕೊಡಲಾರನು. ಪೆನುಕೊಂಡದಂಥ ದುರಂತವನ್ನು ತಡೆಯಲು ಇದಕ್ಕಿಂತ ತಕ್ಕ ಸಾಧನವಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಬೇಕು.

ಆದರೆ ಇದು ದೇಶವನ್ನು ಹರಡಲು ಕಾಲ ಹಿಡಿಯುವುದು. ಹಳಿಗೆ ಕಿಲೋಮೀಟರೊಂದಕ್ಕೆ ಸುಮಾರು ೫೦ ಲಕ್ಷ ರೂಪಾಯಿ, ಎಂಜಿನ್ನೊಂದಕ್ಕೆ ಸುಮಾರು ೮೦ ಲಕ್ಷ ರೂಪಾಯಿ ತಗಲುವುದೆಂದು ಸರ್ಕಾರವೇ ತಿಳಿಸಿದೆ. ೨೦೨೪ರ ಕೊನೆಯ ಹೊತ್ತಿಗೆ ಸುಮಾರು ೧,೫೪೮ ಕಿಲೋಮೀಟರು ಮಾರ್ಗಕ್ಕೆ ಇದನ್ನು ಅಳವಡಿಸಲಾಗಿತ್ತು. ಭಾರತದ ರೈಲುಮಾರ್ಗದ ಉದ್ದ ೬೮,೦೦೦ ಕಿಲೋಮೀಟರಿಗೂ ಹೆಚ್ಚು.

ಯಂತ್ರಕ್ಕೆ ತಿಳಿಯದ್ದು

ಮೇಲೆ ಹೇಳಿದ ಸುರಕ್ಷತೆಯ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರಕ್ಕೆ ಬಂದ ಸುದ್ದಿ ನಿಜವಾಗಿದ್ದರೆ ಅದು ತಪ್ಪುವುದಿಲ್ಲ. ಸುದ್ದಿಯೇ ಸುಳ್ಳಾದರೆ?

೨೦೨೩ರ ಜೂನ್ ೨ರಂದು ಒಡಿಶಾದ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ಸಿಗೆ ಮುಖ್ಯಹಳಿಯ ಹಸಿರು ದೀಪ ಉರಿಯಿತು. ಗಾಡಿ ಹೊಕ್ಕಿದ್ದು ಸರಕು ಗಾಡಿ ನಿಂತಿದ್ದ ಲೂಪ್ ಲೈನಿಗೆ. ೨೯೦ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಚಾಲಕನ ತಪ್ಪು ಇರಲಿಲ್ಲ. ದುರಸ್ತಿಯ ಸಂದರ್ಭದಲ್ಲಿ ತಂತಿಗಳನ್ನು ತಪ್ಪಾಗಿ ಜೋಡಿಸಿದ್ದರಿಂದ, ಪಾಯಿಂಟುಗಳು ಒಂದು ಕಡೆಗಿದ್ದರೂ ಇನ್ನೊಂದು ಕಡೆಗಿವೆಯೆಂದು ಇಂಟರ್‌ಲಾಕಿಂಗ್ ನಂಬಿತ್ತು. ಅದು ನಂಬಿದ್ದನ್ನೇ ಕವಚವೂ ನಂಬುತ್ತಿತ್ತು. ಮೈಸೂರಿನಿಂದ ಹೊರಟು ಬೆಂಗಳೂರಿನ ಮೂಲಕ ದರ್ಭಾಂಗಕ್ಕೆ ಹೋಗುವ ಬಾಗ್ಮತಿ ಎಕ್ಸ್‌ಪ್ರೆಸ್ ೨೦೨೪ರ ಅಕ್ಟೋಬರ್ ೧೧ರ ರಾತ್ರಿ ಚೆನ್ನೈ ಬಳಿಯ ಕವರೈಪೇಟೆಯಲ್ಲಿ, ಮುಖ್ಯಹಳಿಯ ಸಿಗ್ನಲ್ ದೊರೆತಿದ್ದರೂ ಲೂಪ್ ಲೈನನ್ನು ಹೊಕ್ಕು ಸರಕು ಗಾಡಿಗೆ ಗುದ್ದಿತು. ಪುಣ್ಯವಶಾತ್ ಅಲ್ಲಿ ಯಾರೂ ಸಾಯಲಿಲ್ಲ.

ಇನ್ನೊಂದು ಬಗೆಯ ದುರಂತ ೨೦೨೪ರ ಜೂನ್ ೧೭ರಂದು ಪಶ್ಚಿಮ ಬಂಗಾಳದ ರಂಗಾಪಾಣಿಯ ಬಳಿ ನಡೆಯಿತು. ಅಂದು ಬೆಳಗಿನಿಂದ ಅಲ್ಲಿಯ ಸ್ವಯಂಚಾಲಿತ ಸಿಗ್ನಲುಗಳು ಕೆಟ್ಟಿದ್ದವು. ಕೆಂಪು ದೀಪಗಳನ್ನು ದಾಟಿ ಹೋಗಲು ಚಾಲಕರಿಗೆ ಚೀಟಿಯ ಅಪ್ಪಣೆ ಕೊಡಲಾಗುತ್ತಿತ್ತು. ಹಾಗೆ ಹೊರಟ ಸರಕು ಗಾಡಿಯೊಂದು ಮುಂದೆ ನಿಂತಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಬಡಿಯಿತು. ಸಿಗ್ನಲುಗಳು ಕೆಟ್ಟಾಗ ಹೇಗೆ ನಡೆದುಕೊಳ್ಳಬೇಕೆಂಬುದರಲ್ಲಿ ಸಿಬ್ಬಂದಿಗೆ ಸಾಕಷ್ಟು ತರಬೇತಿ ಇರಲಿಲ್ಲವೆಂದು ವಿಚಾರಣೆ ನಡೆಸಿದವರು ಹೇಳಿದರು. ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞೆ ೧೯೮೩ರಲ್ಲಿಯೇ ಎತ್ತಿ ತೋರಿಸಿದ ವಿಪರ್ಯಾಸವಿದು. ಸುಲಭವಾದ ಕೆಲಸವನ್ನು ಯಂತ್ರ ವಹಿಸಿಕೊಳ್ಳುವುದು. ಅದು ಕೈಬಿಟ್ಟ ಗಳಿಗೆಯಲ್ಲಿ ಅತಿ ಕಷ್ಟವಾದ ಕೆಲಸವನ್ನು, ಅಭ್ಯಾಸವೇ ತಪ್ಪಿಹೋಗಿರುವ ಮನುಷ್ಯನು ಮಾಡಬೇಕಾಗುವುದು.

ಹೀಗಿರಲು, ಸ್ವಯಂಚಾಲನೆ ಬಂದಲ್ಲಿ ಮನುಷ್ಯನ ಕೆಲಸ ಇಲ್ಲವಾಗುವುದಿಲ್ಲ, ಜಾಗ ಬದಲಾಯಿಸುವುದು. ಎಂಜಿನ್ನಿನ ಕೋಣೆಯಿಂದ ಸಿಗ್ನಲ್ ಪೆಟ್ಟಿಗೆಯ ಬಳಿಗೆ, ತಂತಿಗಳ ಬಳಿಗೆ, ಪಾಯಿಂಟುಗಳ ಬಳಿಗೆ, ತರಬೇತಿಯ ಶಾಲೆಗೆ ಅದು ಹೋಗುವುದು. ಹಳಿಯಲ್ಲಿ ಬಿದ್ದ ಬಿರುಕನ್ನೂ ಸಡಿಲವಾದ ಬೋಲ್ಟನ್ನೂ ಕವಚವು ಕಾಣದು. ಸುತ್ತಿಗೆ, ಸ್ಪ್ಯಾನರು ಹಿಡಿದು ದಿನವೂ ಹಳಿಯ ಗುಂಟ ನಡೆಯುವ ಕೀಮನ್ ಕಾಣುವನು.

ನಮ್ಮೂರಿನ ಎರಡು ರೈಲುಗಳು

ಪಶ್ಚಿಮ ಬೆಂಗಳೂರಿನ ನಿವಾಸಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವಿಜಯನಗರಕ್ಕೆ ೨೦೧೫ರಲ್ಲಿಯೂ ಕೆಂಗೇರಿಗೆ ೨೦೨೧ರಲ್ಲಿಯೂ ಬಂದ ಮೆಟ್ರೊ ರೈಲು ತಾನಾಗಿ ವೇಗವನ್ನು ಏರಿಸಿ ಇಳಿಸಿ, ಗೆರೆ ಹೊಡೆದಂತೆ ನಿಲ್ಲುವುದಲ್ಲವೇ? ದಿಲ್ಲಿಯಲ್ಲಿ ೨೦೨೦ರ ಡಿಸೆಂಬರಿನಿಂದ ಚಾಲಕರಹಿತ ಮೆಟ್ರೊ ಆರಂಭವಾಗಿದೆಯಲ್ಲವೇ? ಲಂಡನ್ನಿನ ವಿಕ್ಟೋರಿಯಾ ಮಾರ್ಗದಲ್ಲಿ ಗಾಡಿಗಳು ೧೯೬೮ರಲ್ಲಿಯೇ ತಾವಾಗಿ ಓಡತೊಡಗಿದವಲ್ಲವೇ? ಇದು ದೊಡ್ಡ ರೈಲ್ವೆಗೆ ಏಕೆ ಆಗಬಾರದು?

ಉತ್ತರವನ್ನು ಮೈಸೂರು ರಸ್ತೆಯಲ್ಲಿಯೇ ನೋಡಬಹುದು. ಮೆಟ್ರೊ ಕಂಬಗಳ ಮೇಲೆ, ಗೋಡೆಗಳ ನಡುವೆ ಓಡುವುದು. ದನ ಅಡ್ಡ ಬಾರದು, ಜನ ದಾಟರು, ಲೆವೆಲ್ ಕ್ರಾಸಿಂಗಿಲ್ಲ. ಗಾಡಿಗಳೆಲ್ಲ ಒಂದೇ ತೂಕ, ಒಂದೇ ಬ್ರೇಕು, ಒಂದೇ ವೇಗದವು. ಇದು ಮುಚ್ಚಿದ ಪ್ರಪಂಚ; ಇಲ್ಲಿ ಆಗಬಹುದಾದುದೆಲ್ಲವನ್ನೂ ಮುಂದಾಗಿ ಪಟ್ಟಿಮಾಡಬಹುದು. ಅಲ್ಲಿಂದ ತುಸು ದೂರದಲ್ಲಿ ನಾಯಂಡಹಳ್ಳಿ, ಜ್ಞಾನಭಾರತಿಗಳನ್ನು ಹಾದು ಹೋಗುವ ರೈಲ್ವೆ ಹಳಿಯಾದರೋ ತೆರೆದ ಪ್ರಪಂಚ. ವಂದೇ ಭಾರತ್, ಪ್ಯಾಸೆಂಜರು, ಸರಕು ಗಾಡಿ ಎಲ್ಲವೂ ಒಂದೇ ಹಳಿಯ ಮೇಲೆ ಬೇರೆ ಬೇರೆ ತೂಕ, ಬೇರೆ ಬೇರೆ ವೇಗಗಳಿಂದ ಓಡುವುವು. ನೆಲದ ಮಟ್ಟದಲ್ಲಿ ಜನ ಹಳಿಯನ್ನು ದಾಟುವರು, ಮಳೆಗೆ ಮರ ಬೀಳುವುದು. ಇಂಥ ಕಡೆ ಪಟ್ಟಿಯಲ್ಲಿಲ್ಲದ ಸಂಗತಿಯನ್ನು ಗುರುತಿಸಬಲ್ಲ ಬುದ್ಧಿಯೊಂದು ಗಾಡಿಯ ಮುಂಭಾಗದಲ್ಲಿ ಇರಲೇಬೇಕು.

ಅಲ್ಲದೆ, ಮೆಟ್ರೊ ಕೂಡ ಬರಿಯ ಸಿಗ್ನಲುಗಳಿಂದ ನಡೆಯದು. ೨೦೨೫ರ ಆಗಸ್ಟಿನಲ್ಲಿ ಬೆಂಗಳೂರಿನ ಹಳದಿ ಮಾರ್ಗ ಆರಂಭವಾದಾಗ, ಚಾಲಕರಿಲ್ಲದೆಯೂ ಓಡಬಲ್ಲ ಅತ್ಯಾಧುನಿಕ ಏರ್ಪಾಡು ಅಲ್ಲಿ ಸಿದ್ಧವಾಗಿತ್ತು. ಇದ್ದ ಗಾಡಿಗಳು ಮಾತ್ರ ಮೂರು. ಆದ್ದರಿಂದ ಮೊದಲಿಗೆ ೨೫ ನಿಮಿಷಗಳಿಗೊಂದು ಗಾಡಿ ಓಡಿತು, ಚಾಲಕರೊಡನೆಯೇ. ಯಂತ್ರ, ಗಾಡಿ, ಜನ ಈ ಮೂರೂ ಒಟ್ಟಿಗೆ ಬರಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ 'ಪಾರಿಜಾತ'ವೆಂಬ ಉಪನಗರ ರೈಲುಮಾರ್ಗದ ಯೋಜನೆ ಇದೆ. ಅದನ್ನು ಎದುರುನೋಡುತ್ತಿರುವವರು ಈ ನಿದರ್ಶನವನ್ನು ನೆನಪಿನಲ್ಲಿಡುವುದು ಲೇಸು.

ಜನರ ಲೆಕ್ಕ

ಕೊನೆಗೆ ಜನರ ಲೆಕ್ಕಕ್ಕೆ ಬರೋಣ. ೧೯೯೦-೯೧ರಲ್ಲಿ ಭಾರತೀಯ ರೈಲ್ವೆಯಲ್ಲಿ ಸುಮಾರು ಹದಿನಾರೂವರೆ ಲಕ್ಷ ನೌಕರರಿದ್ದರು. ಆ ವರ್ಷದ ಪ್ರಯಾಣಗಳ ಸಂಖ್ಯೆ ಸುಮಾರು ೩೮೬ ಕೋಟಿ. ೨೦೨೩-೨೪ರಲ್ಲಿ ಪ್ರಯಾಣಗಳು ಸುಮಾರು ೬೯೦ ಕೋಟಿಗೆ ಏರಿದ್ದುವು. ನೌಕರರು ಹನ್ನೆರಡು ಲಕ್ಷದ ಆಸುಪಾಸಿಗೆ ಇಳಿದಿದ್ದರು. ಈ ಇಳಿತದಲ್ಲಿ ಒಂದು ಪಾಲು ನ್ಯಾಯವಾದದ್ದೇ. ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವವರು ಇಂದು ಬೇಕಿಲ್ಲ. ಟಿಕೆಟ್ಟಿನ ಕೆಲಸದ ಬಹುಭಾಗವನ್ನು ಗಣಕಯಂತ್ರ ಮಾಡುತ್ತಿದೆ. ಆದರೆ ೨೦೨೩ರಲ್ಲಿ ಮಾಹಿತಿ ಹಕ್ಕಿನಡಿ ದೊರೆತ ಉತ್ತರದಂತೆ ಖಾಲಿಯಿದ್ದ ಸುಮಾರು ೨.೭೪ ಲಕ್ಷ ಹುದ್ದೆಗಳಲ್ಲಿ ೧.೭ ಲಕ್ಷಕ್ಕೂ ಹೆಚ್ಚು ಸುರಕ್ಷತೆಗೆ ಸಂಬಂಧಪಟ್ಟವು. ಇವು ಯಂತ್ರ ಬಂದು ಅನಾವಶ್ಯಕವಾದ ಹುದ್ದೆಗಳಲ್ಲ. ಬೇಕೆಂದು ಮಂಜೂರಾಗಿ, ತುಂಬದೆ ಉಳಿದವು.

೨೦೨೪ರ ಜನವರಿಯಲ್ಲಿ ೫,೬೯೬ ಸಹಾಯಕ ಚಾಲಕರನ್ನು ನೇಮಿಸುವುದಾಗಿ ರೈಲ್ವೆ ಪ್ರಕಟಿಸಿತ್ತು. ರಂಗಾಪಾಣಿಯ ದುರಂತದ ಬೆನ್ನಿಗೇ ಆ ಸಂಖ್ಯೆಯನ್ನು ೧೮,೭೯೯ಕ್ಕೆ ಏರಿಸಲಾಯಿತು. ಮೂರು ಪಾಲಿಗೂ ಹೆಚ್ಚಿನ ಈ ವ್ಯತ್ಯಾಸವನ್ನು ಓದುಗರು ಗಮನಿಸಬೇಕು. ಅಷ್ಟು ಚಾಲಕರ ಅಗತ್ಯ ಒಂದು ಬೆಳಗಿನಲ್ಲಿ ಹುಟ್ಟಿದ್ದಲ್ಲ. ಖಾಲಿ ಹುದ್ದೆಯ ಕೆಲಸವೇನೂ ನಿಲ್ಲುವುದಿಲ್ಲ. ಇದ್ದವರ ಮೇಲೆ ಬೀಳುವುದು. ಚಾಲಕನ ಒಂದು ಸರದಿಯ ಓಟ ಸಾಧಾರಣವಾಗಿ ಒಂಬತ್ತು ಗಂಟೆಗಳನ್ನೂ, ಹಾಜರಿ ಹಾಕಿದಲ್ಲಿಂದ ಬಿಡುಗಡೆಯವರೆಗಿನ ಒಟ್ಟು ಅವಧಿ ಹನ್ನೊಂದು ಗಂಟೆಗಳನ್ನೂ ಮೀರಬಾರದೆಂದು ಕಟ್ಟಳೆಯಿದೆ. ಬದಲಿ ಚಾಲಕನಿಲ್ಲದಿದ್ದರೆ ಕಟ್ಟಳೆ ಕಾಗದದ ಮೇಲೆ ಉಳಿಯುವುದು. ಸತತವಾಗಿ ನಾಲ್ಕು ರಾತ್ರಿಗಳ ಸರದಿ ಬೇಡ, ಎರಡು ಸಾಕೆಂದು ಚಾಲಕರು ಕೇಳುತ್ತಿರುವುದು ಸುಖಕ್ಕಾಗಿ ಅಲ್ಲ. ಬೆಳಗಿನ ಜಾವ ಮೂರು ಗಂಟೆಯಲ್ಲಿ ಐದು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ನೂರೈವತ್ತು ಮೀಟರು, ಎಂದರೆ ಆರು ಬೋಗಿಗಳ ಉದ್ದ, ಮುಂದೆ ಹೋಗಿರುತ್ತದೆಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ಕವಚವನ್ನು ಕೊಳ್ಳುವುದಕ್ಕೂ ಹುದ್ದೆಗಳನ್ನು ತುಂಬುವುದಕ್ಕೂ ಹಣ ಒಂದೇ ಬೊಕ್ಕಸದಿಂದ ಬರಬೇಕು. ಆದ್ದರಿಂದ ಒಂದನ್ನು ತೋರಿಸಿ ಇನ್ನೊಂದನ್ನು ಮುಂದೂಡುವ ಮೋಹ ಆಡಳಿತಕ್ಕೆ ಸದಾ ಇರುವುದು. ಆದರೆ ನಾವು ನೋಡಿದ ಉದಾಹರಣೆಗಳು ಹೇಳುವುದು ಬೇರೆ. ಪೆನುಕೊಂಡದಲ್ಲಿ ಮನುಷ್ಯನನ್ನು ಕಾಯಲು ಯಂತ್ರವಿರಲಿಲ್ಲ. ಬಹಾನಗಾದಲ್ಲಿ ಯಂತ್ರವನ್ನು ಕಾಯುವ ಮನುಷ್ಯರ ಕೈಕೆಲಸ ತಪ್ಪಿತ್ತು. ರಂಗಾಪಾಣಿಯಲ್ಲಿ ಯಂತ್ರ ಕೈಬಿಟ್ಟಾಗ ಮನುಷ್ಯನು ಸಿದ್ಧನಾಗಿರಲಿಲ್ಲ. ಯಂತ್ರವು ಮನುಷ್ಯನ ಮರೆವಿಗೆ ಕಾವಲಾಗಬಲ್ಲುದು. ಅವನ ನಿದ್ರೆಗೆ ಬದಲಾಗಲಾರದು. ಎಷ್ಟು ಕಿಲೋಮೀಟರಿಗೆ ಕವಚ ಬಂತೆಂದು ಕೇಳುವ ಪ್ರಜೆಗಳು, ಅದನ್ನು ಕಾಪಾಡಲು ಎಷ್ಟು ಮಂದಿ ತಂತ್ರಜ್ಞರು ನೇಮಕವಾದರು, ಚಾಲಕನು ಗಾಡಿ ಹತ್ತುವ ಮುನ್ನ ಎಷ್ಟು ಗಂಟೆ ಮಲಗಿದ್ದನು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ರೈಲನ್ನು ನಿಲ್ಲಿಸುವವರು ಈ ಎಲ್ಲರೂ ಸೇರಿ.